ಗೋಡೆ ಬೀರುವಿನ ಬೆನ್ನ ಹಿಂದೆ

ಮರಗೆಲಸದ ಬಗ್ಗೆ ಅರ್ಧ ಗಂಟೆ ಮಾತಾಡಿ ಎಂದು ಚಿಕ್ಕಮಗಳೂರಿನ ಒಂದು ತರಬೇತಿ ಕೇಂದ್ರದವರು ಹೋದ ವರ್ಷ ಕರೆದಿದ್ದರು. ನಲವತ್ತು ವರ್ಷ ಮಾಡಿದ ಕೆಲಸ. ಮೂಡಿಗೆರೆಯಿಂದ ಕಳಸದವರೆಗೆ ನಾನು ಬಾಗಿಲು ಕೂರಿಸದ ಊರು ಕಡಿಮೆ. ಆದರೂ ಮೈಕಿನ ಮುಂದೆ ನಿಂತಾಗ ಬಾಯಿಗೆ ಬಂದದ್ದು ಉಳಿಗೆ ಸಾಣೆ ಹಿಡಿಯುವ ವಿಷಯ ಮಾತ್ರ. ಕಲಿಯಲು ಬಂದವರು ಮರ್ಯಾದೆಗೆ ಕೇಳಿಸಿಕೊಂಡರು. ಅವರ ಕೈಯಲ್ಲಿ ಈಗ ಉಳಿ ಎಲ್ಲಿದೆ? ಹಲಗೆ ಕಾರ್ಖಾನೆಯಿಂದಲೇ ಅಳತೆಗೆ ಕತ್ತರಿಸಿ ಬರುತ್ತದೆ, ಇವರು ಸ್ಕ್ರೂ ತಿರುಗಿಸಿ ನಿಲ್ಲಿಸುತ್ತಾರೆ. ಕೊನೆಗೆ ಹಿಂದಿನ ಸಾಲಿನ ಒಬ್ಬಳು ಹುಡುಗಿ ಎದ್ದು, "ಸರ್, ನೀವು ಮಾಡಿದ ದೊಡ್ಡ ತಪ್ಪು ಯಾವ್ದು?" ಎಂದು ಕೇಳಿದಳು. ಬಸ್ಸಿಗೆ ಹೊತ್ತಾಯಿತು ಎಂದು ನಕ್ಕು ಬಂದುಬಿಟ್ಟೆ. ಅದಕ್ಕೆ ಉತ್ತರ ಇಲ್ಲಿದೆ. ಆದರೆ ನೇರವಾಗಿ ಅಲ್ಲಿಗೇ ಹೋದರೆ ಅರ್ಥವಾಗುವುದಿಲ್ಲ, ಸ್ವಲ್ಪ ಹಿಂದಿನಿಂದ ಹೇಳಬೇಕು.

ನಾನು ಕೆಲಸ ಕಲಿತದ್ದು ಸೋದರಮಾವ ಶೇಷಾಚಾರ್ರ ಕೈಕೆಳಗೆ. ಮಾತು ಕಡಿಮೆ, ಸಿಟ್ಟು ಜಾಸ್ತಿ. ಯಾರ ಮನೆಗೆ ರಿಪೇರಿಗೆ ಹೋದರೂ ಅವರು ಮೊದಲು ಸಾಮಾನಿನ ಚೀಲ ಬಿಚ್ಚುತ್ತಿರಲಿಲ್ಲ. ಮುಚ್ಚಿದ ಕೋಣೆಯ ಬಾಗಿಲು ತೆಗೆಸಿ, ಒಳಗೆ ಹೋಗಿ, ಬಾಯಿ ಮುಚ್ಚಿಕೊಂಡು ಒಂದು ನಿಮಿಷ ನಿಲ್ಲುತ್ತಿದ್ದರು. ಮನೆಯವರು ಕಾಫಿ ತರುವುದರೊಳಗೆ ಇದು ಮುಗಿಯಬೇಕು, ಕಾಫಿಯ ಘಮ ಬಂದಮೇಲೆ ಬೇರೆ ಯಾವ ವಾಸನೆಯೂ ತಿಳಿಯುವುದಿಲ್ಲ ಎನ್ನುತ್ತಿದ್ದರು. ನನಗೆ ಇದೆಲ್ಲ ದೊಡ್ಡವರ ಗತ್ತು ಎಂದು ಅನಿಸುತ್ತಿತ್ತು.

ಒಮ್ಮೆ ಬಾಳೂರು ಕಡೆಯ ಎಸ್ಟೇಟೊಂದರಿಂದ, ಅಲ್ಲಿ ಲೆಕ್ಕಪತ್ರ ಬರೆಯುವ ರೈಟರ ಮನೆಯ ಮಲಗುವ ಕೋಣೆಯ ಬಾಗಿಲು ಮುಚ್ಚುತ್ತಿಲ್ಲ ಎಂದು ಕರೆ ಬಂತು. ಮಾವನಿಗೆ ಜ್ವರ. ಆಷಾಢದ ಮಳೆಯಲ್ಲಿ ನಾನೊಬ್ಬನೇ ಜೀಪು ಹತ್ತಿ ಹೋದೆ. ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಬಾಗಿಲು ಕಳಚಿ, ಅಂಚನ್ನು ಹೆರೆದು ಮತ್ತೆ ಕೂರಿಸಿದೆ. ಒಂದು ಬೆರಳಲ್ಲಿ ತಳ್ಳಿದರೆ ಮುಚ್ಚುವ ಹಾಗಾಯಿತು. ಮನೆಗೆ ಬಂದು ಮಾವನಿಗೆ ಜಂಬದಿಂದ ಹೇಳಿದೆ.

"ಉಳಿದ ಬಾಗ್ಲುಗಳು?" ಎಂದರು ಕಂಬಳಿಯೊಳಗಿಂದ.

"ಅವೆಲ್ಲ ಸರಿ ಇದ್ವು."

"ಮನೆಗೆಲ್ಲ ಒಂದೇ ಮಳೆ, ಬಾಗ್ಲಿಗೆಲ್ಲ ಒಂದೇ ಮರ. ಅದೊಂದೇ ಯಾಕೆ ಉಬ್ತು ಅಂತ ಕೇಳ್ಕೊಂಡ್ಯಾ?"

ಕೇಳಿಕೊಂಡಿರಲಿಲ್ಲ. ಬೇಸಿಗೆ ಹತ್ತಿರ ಬಂದಾಗ ಅದೇ ಬಾಗಿಲಲ್ಲಿ ಬೆರಳು ತೂರುವಷ್ಟು ಸಂದಿ ಬಿಟ್ಟಿತು. ಈ ಸಲ ಮಾವನೂ ಬಂದರು. ಬಾಗಿಲನ್ನು ನೋಡಲೇ ಇಲ್ಲ, ಕುಕ್ಕರಗಾಲಲ್ಲಿ ಕೂತು ಚೌಕಟ್ಟಿನ ಬುಡವನ್ನು ಹೆಬ್ಬೆರಳಿಂದ ಒತ್ತಿದರು. ನೆನೆದ ಅವಲಕ್ಕಿಯಂತೆ ಒಳಗೆ ಇಳಿಯಿತು. ಚೌಕಟ್ಟನ್ನು ಸಡಿಲಿಸಿ ನೋಡಿದರೆ ಹಿಂದಿನ ಗೋಡೆಯ ತುಂಬ ಮಸಿ ಬಳಿದಂತೆ ಕಪ್ಪು ಬೂಷ್ಟು. ಆಚೆಗೆ ಬಚ್ಚಲುಮನೆ. ನೀರು ಹೋಗುವ ಪೈಪಿನ ಜೋಡಣೆ ಬಿಟ್ಟು ಎಷ್ಟು ವರ್ಷವಾಗಿತ್ತೋ. ರೈಟರ ಹೆಂಡತಿ, "ಆ ಮೂಲೆ ಯಾವಾಗ್ಲೂ ತಣ್ಣಗೆ ಇರ್ತಿತ್ತು, ನಾನು ಎಷ್ಟು ಸಲ ಅಂದೆ" ಎಂದರು. ಅವರನ್ನು ನಾನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಮಳೆಗಾಲದಲ್ಲಿ ಎಲ್ಲ ಬಾಗಿಲೂ ಬಿಗಿಯಾದರೆ ಅದು ಮಳೆ. ಒಂದೇ ಬಾಗಿಲು, ಒಂದೇ ಡ್ರಾಯರು ಬಿಗಿಯಾದರೆ ಹತ್ತಿರದಲ್ಲೆಲ್ಲೋ ನೀರು ಕೂತಿದೆ ಎಂದು ಅಂದಿನಿಂದ ತಿಳಿದುಕೊಂಡೆ.

ತಿಳಿದುಕೊಂಡವನಿಗೆ ಮುಂದಿನ ಕಾಯಿಲೆ ಎಲ್ಲ ಕಡೆಯೂ ಬೂಷ್ಟು ಕಾಣುವುದು. ವಸ್ತಾರೆಯಲ್ಲಿ ಒಂದು ಮನೆಯ ಗೋಡೆಯ ಬುಡದಲ್ಲಿ ಬೆಳ್ಳಗೆ ಹತ್ತಿಯಂಥದ್ದು ಎದ್ದಿತ್ತು. ಬೂಷ್ಟು ಎಂದು ಹೆದರಿಸಿ, ಅವರ ಪಾತ್ರೆ ಸ್ಟ್ಯಾಂಡನ್ನೆಲ್ಲ ಕೀಳಿಸಿದೆ. ಮಾವ ಬಂದು ಬೆರಳು ಒದ್ದೆ ಮಾಡಿ ಅದರ ಮೇಲೆ ಒತ್ತಿದರು. ಕರಗಿಹೋಯಿತು. ಅದು ಇಟ್ಟಿಗೆಯಿಂದ ಹೊರಬಂದ ಉಪ್ಪು. ಗೋಡೆಯಲ್ಲಿ ತೇವ ಇದೆ ಎಂಬುದಕ್ಕೆ ಗುರುತು ನಿಜ, ಆದರೆ ಬೂಷ್ಟು ಅಲ್ಲ. ಬೂಷ್ಟು ನೀರಿಗೆ ಕರಗುವುದಿಲ್ಲ, ಬೆರಳಿಗೆ ಮೆತ್ತಿಕೊಳ್ಳುತ್ತದೆ. ಆ ಮನೆಯ ಅಜ್ಜಿ ಆಮೇಲೆ ನನ್ನನ್ನು ಕಂಡಾಗಲೆಲ್ಲ "ಬಂದ ನೋಡು ಉಪ್ಪಿನ ಡಾಕ್ಟ್ರು" ಎನ್ನುತ್ತಿದ್ದರು.

ಇನ್ನೊಬ್ಬ ಸಾಹುಕಾರರು, ಕೊಟ್ಟಿಗೆಹಾರದಿಂದ ಸ್ವಲ್ಪ ಒಳಗೆ ಕಾಫಿ ತೋಟ ಇದ್ದವರು, ಗೋಡೆಯ ಬೂಷ್ಟಿಗೆ ತಾವೇ ಔಷಧಿ ಕಂಡುಹಿಡಿದರು. ಗಿಡಕ್ಕೆ ಹೊಡೆಯುವ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣವನ್ನು ಮಲಗುವ ಕೋಣೆಗೇ ಹೊಡೆಸಿಬಿಟ್ಟರು. "ಗಿಡದ ಬೂಷ್ಟಿಗೆ ಆಗೋದು ಗೋಡೆ ಬೂಷ್ಟಿಗೆ ಆಗಲ್ವೇನೋ ಮಾರಾಯ?" ಎಂದು ನನಗೇ ಪಾಠ ಹೇಳಿದರು. ಕೋಣೆ ತಿಳಿ ನೀಲಿಯಾಯಿತು. ಮುಂದಿನ ಮಳೆಗಾಲಕ್ಕೆ ಆ ನೀಲಿಯ ಮೇಲೆ ಕಪ್ಪು ಚುಕ್ಕೆ ಎದ್ದು ಇನ್ನೂ ಚೆನ್ನಾಗಿ ಕಂಡಿತು. ಚಾವಣಿಯ ಬಿರುಕಿನಿಂದ ನೀರು ಇಳಿಯುತ್ತಲೇ ಇತ್ತಲ್ಲ. ಬಿರುಕು ಮುಚ್ಚಿಸಿದ ಮೇಲೆ ಯಾವ ಔಷಧಿಯೂ ಬೇಕಾಗಲಿಲ್ಲ.

ಹೀಗೆ ಬಿದ್ದು ಎದ್ದು ಕಲಿಯುವ ಹೊತ್ತಿಗೆ ಕೆಲಸವೇ ಬದಲಾಗಿಹೋಯಿತು. ನಾವು ಮೊದಲು ಮಾಡುತ್ತಿದ್ದ ಬೀರುಗಳಿಗೆ ಕಾಲು ಇರುತ್ತಿತ್ತು. ಗೋಡೆಯಿಂದ ನಾಲ್ಕು ಬೆರಳು ಈಚೆ ನಿಲ್ಲುತ್ತಿದ್ದವು, ಹಿಂದೆ ಗಾಳಿ ಆಡುತ್ತಿತ್ತು, ವರ್ಷಕ್ಕೊಮ್ಮೆ ಸರಿಸಿ ಸುಣ್ಣ ಬಳಿಯುತ್ತಿದ್ದರು. ಆಮೇಲೆ ತಾರಸಿ ಮನೆ ಬಂತು, ಪ್ಲೈವುಡ್ ಬಂತು, ನೆಲದಿಂದ ತಾರಸಿಯವರೆಗೆ ಗೋಡೆಗೇ ಕಚ್ಚಿಸಿದ ಬೀರು ಬಂತು. "ಸಂದಿ ಬಿಟ್ರೆ ಜಿರಳೆ ಸೇರುತ್ತೆ, ಕೂದಲೂ ತೂರಬಾರ್ದು" ಎಂದು ಜನ ಕೇಳುತ್ತಿದ್ದರು. ನಾನೂ ಕೂದಲು ತೂರದ ಹಾಗೆ ಮಾಡಿಕೊಟ್ಟು ಹೆಸರು ತೆಗೆದುಕೊಂಡೆ.

ಅಂಥದ್ದೊಂದು ಬೀರನ್ನು ಮೂಡಿಗೆರೆಯಲ್ಲಿ ಗೀತಮ್ಮನವರ ಹೊಸ ಮನೆಗೆ ಮಾಡಿದೆ. ಅವರು ಪ್ರೈಮರಿ ಶಾಲೆಯ ಟೀಚರು. ಗಂಡ ಶಿವಕುಮಾರ್ ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದರು. ಜೊತೆಗೆ ಅವರ ತಾಯಿ, ಆರು ವರ್ಷದ ಮಗಳು ಸಿಂಚನ, ಚಿಂಟು ಎಂಬ ನಾಯಿ. ಬೀರು ಮಗಳ ಕೋಣೆಗೆ. ಅಳತೆ ತೆಗೆಯುವಾಗ ಪಡುವಣ ಗೋಡೆಗೆ ಕೈ ಇಟ್ಟೆ, ಉಳಿದ ಗೋಡೆಗಳಿಗಿಂತ ತಣ್ಣಗಿತ್ತು. ಕೆಳಗಿನ ಮೂಲೆಯಲ್ಲಿ ಬಣ್ಣ ಒಂದು ಛಾಯೆ ಗಾಢವಾಗಿತ್ತು. ಕಂಟ್ರಾಕ್ಟರನನ್ನು ಕೇಳಿದೆ.

"ಹೊಸ ಗೋಡೆ ಆಚಾರ್ರೆ, ಇನ್ನೂ ಪೂರ್ತಿ ಒಣಗಿಲ್ಲ ಅಷ್ಟೆ. ಗೃಹಪ್ರವೇಶಕ್ಕೆ ಎಂಟು ದಿನ ಇದೆ. ಬೇಗ ಮುಗ್ಸಿ" ಎಂದ.

ಎಂಟು ದಿನದಲ್ಲಿ ಮುಗಿಸಿದೆ. ಆ ಗೋಡೆ ಇಡಿಯಾಗಿ ನನ್ನ ಬೀರುವಿನ ಹಿಂದೆ ಮುಚ್ಚಿಹೋಯಿತು.

ಎರಡು ವರ್ಷ ಕಳೆದು, ಮಳೆಗಾಲದ ನಡುವೆ ಗೀತಮ್ಮ ಫೋನ್ ಮಾಡಿದರು. ಬೀರುವಿನ ಕೊನೆಯ ಬಾಗಿಲು ಕೂರುತ್ತಿಲ್ಲ ಎಂದರು. ಹೋದಾಗ ಮನೆ ಬೇರೆಯೇ ಆಗಿತ್ತು. ಸಿಂಚನ ಹಾಲ್‌ನಲ್ಲಿ ಮಾತ್ರೆಯ ಪೊಟ್ಟಣ, ಆವಿ ಎಳೆಯುವ ಯಂತ್ರದ ಪಕ್ಕ ಕೂತು ಚಿತ್ರ ಬರೆಯುತ್ತಿದ್ದಳು. ನಡುನಡುವೆ ಒಣ ಕೆಮ್ಮು, ಉಸಿರಲ್ಲಿ ಸಿಳ್ಳೆಯಂಥ ಸದ್ದು. ನಾಯಿಯ ಕೂದಲಿನಿಂದ ಇರಬಹುದು ಎಂದು ಯಾರೋ ಹೇಳಿದ್ದರಿಂದ ಚಿಂಟುವನ್ನು ಕಳಸದ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಅಜ್ಜಿ ಪೂಜೆಗೆ ಸಾಂಬ್ರಾಣಿ ಹಾಕುವುದನ್ನು ಬಿಟ್ಟಿದ್ದರು. ಶಿವಕುಮಾರ್ ಅಂಗಡಿಯಿಂದ ಬಂದವರು ಹೊರಗಿನ ನಲ್ಲಿಯಲ್ಲಿ ಕೈಕಾಲು ತೊಳೆದು ಅಂಗಿ ಬದಲಿಸಿಯೇ ಒಳಗೆ ಬರುತ್ತಿದ್ದರಂತೆ. ಆದರೂ ಕೆಮ್ಮು ನಿಂತಿರಲಿಲ್ಲ.

ನಾನು ಮಗುವಿನ ಕೋಣೆಗೆ ಹೋದಾಗ ಗೀತಮ್ಮ ಹಿಂದೆಯೇ ಬಂದು ಮೆಲ್ಲಗೆ ಹೇಳಿದರು.

"ಆಚಾರ್ರೆ, ಈ ರೂಮಲ್ಲಿ ನಂಗೊಂದು ವಾಸನೆ ಬರುತ್ತೆ. ಶಾಲೆ ಮುಗ್ಸಿ ಬಂದು ಬಾಗ್ಲು ತೆಗೆದ ತಕ್ಷಣ ಬರುತ್ತೆ, ಒಂದ್ ಗಳಿಗೆಗೆ ಹೋಗ್ಬಿಡುತ್ತೆ. ಇವ್ರಿಗೆ ಯಾರಿಗೂ ಬರಲ್ವಂತೆ. ನಿಂಗೆ ಟೆನ್ಶನ್ನು, ಅದ್ಕೇ ಹಂಗನ್ಸುತ್ತೆ ಅಂತಾರೆ. ನಿಮ್ಗೆ ಬರ್ತಿದ್ಯಾ?"

ಬರುತ್ತಿತ್ತು. ಹಳೆ ಗೋಣಿಚೀಲವನ್ನು ಒದ್ದೆಯಲ್ಲಿ ಮಡಿಸಿಟ್ಟು ಮರೆತಂಥ ಮುಗ್ಗಲು ವಾಸನೆ. ಬಾಗಿಲು ತೆಗೆದಾಗ ಬಂದು ಆಮೇಲೆ ಮರೆಯಾಗುವುದೂ ಸಹಜ, ಮೂಗು ಬೇಗ ಒಗ್ಗಿಹೋಗುತ್ತದೆ. ಮನೆಯಲ್ಲೇ ಇರುವವರಿಗೆ ತಿಳಿಯದ್ದು ಹೊರಗಿನಿಂದ ಬಂದವರಿಗೆ ತಿಳಿಯುವುದು ಅದಕ್ಕೇ. ನಾನು ಬೀರುವಿನ ಬಾಗಿಲು ತೆಗೆದೆ. ಕೀಲಿನ ಸ್ಕ್ರೂಗಳಿಗೆ ತುಕ್ಕು ಹಿಡಿದಿತ್ತು. ಬಟ್ಟೆ ಸರಿಸಿ ಹಿಂಭಾಗದ ಪ್ಲೈ ತಟ್ಟಿದೆ, ಟಕ್ ಎನ್ನಬೇಕಾದದ್ದು ದಪ್ ಎಂದಿತು. ಕೆಳಗಿನ ಅರೆಯಲ್ಲಿದ್ದ ಮಗುವಿನ ಚರ್ಮದ ಶೂಗಳ ಮೇಲೆ ಬೂದಿ ಉದುರಿದಂಥ ಪೊರೆ. ನನಗೆ ಎಲ್ಲವೂ ಗೊತ್ತಾಯಿತು. ಎರಡು ವರ್ಷದ ಹಿಂದೆ ಕೈಗೆ ತಣ್ಣಗೆ ಹತ್ತಿದ ಗೋಡೆಯೂ ನೆನಪಾಯಿತು.

ಬಾಯಿಗೆ ಬಂದ ಮಾತು ಮಾತ್ರ ಬೇರೆ.

"ಮಳೆಗಾಲ ಅಲ್ವಾ ಅಮ್ಮ, ಎಲ್ರ ಮನೇಲೂ ಇರುತ್ತೆ. ನಾಲ್ಕು ಬಿಸಿಲು ಬಿದ್ರೆ ಸರಿ ಹೋಗುತ್ತೆ."

ಕೀಲು ಬದಲಿಸಿ, ಬಾಗಿಲನ್ನು ಒಂದು ನೂಲು ಎತ್ತಿ ಕೂರಿಸಿದೆ. ಶೂಗಳನ್ನು ನಾನೇ ಬಟ್ಟೆಯಿಂದ ಒರೆಸಿಟ್ಟೆ. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಗೀತಮ್ಮ, "ಹೌದಾ? ಹಾಗಾದ್ರೆ ನನ್ ತಲೇಲೇ ಇರೋ ವಾಸನೆ" ಎಂದು ನಗಲು ನೋಡಿದರು.

ಯಾಕೆ ಹಾಗೆ ಮಾಡಿದೆ? ಊರಿನಲ್ಲಿ ನನ್ನ ಹೆಸರು ಆ ಬೀರುಗಳ ಮೇಲೆ ನಿಂತಿತ್ತು. ಆಚಾರ್ರ ಕೆಲಸದಿಂದ ಮಗು ಕಾಯಿಲೆ ಬಿತ್ತು ಎಂಬ ಮಾತು ಪೇಟೆಯಲ್ಲಿ ಹೊರಟರೆ ಮುಗಿಯಿತು. ಮಳೆ ನಿಲ್ಲಲಿ, ಆಮೇಲೆ ಏನೋ ನೆಪದಲ್ಲಿ ಬಂದು ಹಿಂದಿನ ಪ್ಲೈ ಬದಲಿಸಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಎಂಟನೆಯ ದಿನ ಬೆಳಿಗ್ಗೆ ಪೇಟೆಯ ಹೋಟೆಲಿನಲ್ಲಿ ತಿಂಡಿಗೆ ಕೂತಿದ್ದಾಗ ಪಕ್ಕದ ಮೇಜಿನವರು ಮಾತಾಡಿಕೊಳ್ಳುತ್ತಿದ್ದರು. ಗೊಬ್ಬರದಂಗಡಿ ಶಿವಕುಮಾರರ ಮಗಳಿಗೆ ಉಸಿರು ಕಟ್ಟಿ ಚಿಕ್ಕಮಗಳೂರಿಗೆ ಕರೆದುಕೊಂಡು ಹೋದರಂತೆ, ಆಕ್ಸಿಜನ್ ಹಾಕಿದ್ದಾರಂತೆ. ನನ್ನ ಮುಂದಿದ್ದ ದೋಸೆ ಹಾಗೆಯೇ ಉಳಿಯಿತು. ಸಿಕ್ಕಿದ ಬಸ್ಸು ಹತ್ತಿದೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ಶಿವಕುಮಾರ್ ಗೋಡೆಗೆ ಒರಗಿ ನಿಂತಿದ್ದರು. ಮಗು ಸ್ವಲ್ಪ ಸುಧಾರಿಸಿದ್ದಾಳೆ ಎಂದರು. ಬೆಂಚಿನ ಮೇಲೆ ಗೀತಮ್ಮ ಇದ್ದರು. ನಾನು ನಿಂತುಕೊಂಡೇ ಹೇಳಿದೆ.

"ಬೀರುವಿನ ಹಿಂದಿನ ಗೋಡೆಗೆ ಬೂಷ್ಟು ಹಿಡಿದಿದೆ. ಎಲ್ಲಿಂದಲೋ ನೀರು ಇಳೀತಿದೆ. ಮಗೂನ ಆ ಕೋಣೆಗೆ ವಾಪಸ್ ಕರ್ಕೊಂಡು ಹೋಗ್ಬೇಡಿ. ನಾನು ಇವತ್ತೇ ಬೀರು ಕೀಳ್ತೀನಿ."

ಶಿವಕುಮಾರರಿಗೆ ಏನೂ ಅರ್ಥವಾಗಲಿಲ್ಲ. ಗೀತಮ್ಮನಿಗೆ ಅರ್ಥವಾಯಿತು. ಅವರು ತಲೆ ಎತ್ತಿ ನನ್ನನ್ನೇ ನೋಡಿದರು.

"ಮೊನ್ನೆ ಬಂದಾಗ ನಿಮ್ಗೆ ಗೊತ್ತಿತ್ತಾ?"

ಸುಳ್ಳು ಹೇಳಲು ಇನ್ನೂ ಒಂದು ಅವಕಾಶ ಇತ್ತು. ಅನುಮಾನ ಇತ್ತು ಎನ್ನಬಹುದಿತ್ತು, ಆಮೇಲೆ ಹೊಳೆಯಿತು ಎನ್ನಬಹುದಿತ್ತು.

"ಗೊತ್ತಿತ್ತಮ್ಮ. ವಾಸನೆ ನಂಗೂ ಬಂದಿತ್ತು."

ಅವರು ಬೈಯಲಿಲ್ಲ. ಎದ್ದು ಮಗುವಿದ್ದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಶಿವಕುಮಾರ್ ಜೇಬಿನಿಂದ ಮನೆಯ ಬೀಗದ ಕೈ ತೆಗೆದು ನನ್ನ ಕೈಗೆ ಹಾಕಿದರು.

ಆ ಮಧ್ಯಾಹ್ನ ಮೂಗು ಬಾಯಿಗೆ ಬಟ್ಟೆ ಬಿಗಿದು, ಕಿಟಕಿ ತೆರೆದು, ಮನೆಯೊಳಗಿನ ಕಡೆಯ ಬಾಗಿಲು ಮುಚ್ಚಿ, ನಾನೇ ಕಟ್ಟಿದ್ದನ್ನು ನಾನೇ ಕಿತ್ತೆ. ಹಿಂದಿನ ಪ್ಲೈ ಕಾಗದದ ಪದರದಂತೆ ಬಿಚ್ಚಿಕೊಂಡು ಬಂತು. ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಹಸಿರು, ಕಪ್ಪು, ಅಲ್ಲಲ್ಲಿ ಬೂದು. ಮಗುವಿನ ಮಂಚ ಅಲ್ಲಿಂದ ಮೂರಡಿ ದೂರದಲ್ಲಿತ್ತು, ದಿಂಬು ಅದೇ ಕಡೆಗೆ. ತಾರಸಿಯ ಮಳೆನೀರಿನ ಪೈಪನ್ನು ಚೆಂದಕ್ಕೆಂದು ಗೋಡೆಯೊಳಗೇ ಇಳಿಸಿದ್ದರು, ಅದರ ಒಂದು ಬೆಸುಗೆ ಸರಿ ಕೂತಿರಲಿಲ್ಲ. ಕಂಟ್ರಾಕ್ಟರನದೂ ತಪ್ಪು, ನಿಜ. ಆದರೆ ಆ ಗೋಡೆಗೆ ಕೈ ಇಟ್ಟು ನೋಡಿದವನು ಅವನಲ್ಲ, ನಾನು.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ಒಣಗಿದ ಬೂಷ್ಟನ್ನು ಪೊರಕೆಯಿಂದ ಗುಡಿಸಬಾರದು, ಧೂಳೆದ್ದು ಮನೆಯೆಲ್ಲ ಹರಡುತ್ತದೆ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಪ್ಲೈಯನ್ನೂ ಚೀಲಕ್ಕೆ ಕಟ್ಟಿ ಹೊರಗೆ ಹಾಕಬೇಕು. ಮಕ್ಕಳು, ವಯಸ್ಸಾದವರು ಆ ಹೊತ್ತಿಗೆ ಮನೆಯಲ್ಲಿ ಇರಬಾರದು. ನೀರು ನಿಲ್ಲಿಸದೆ ಬಣ್ಣ ಬಳಿದರೆ ಮುಂದಿನ ಮಳೆಗೆ ಮತ್ತೆ ಅದೇ ಕಥೆ.

ಪೈಪು ಹೊರಗೆ ಬಂತು, ಗೋಡೆ ಒಣಗಲು ಒಂದು ಬೇಸಿಗೆ ಹಿಡಿಯಿತು. ಸಿಂಚನ ಅಜ್ಜಿಯ ಕೋಣೆಯಲ್ಲಿ ಮಲಗಿದಳು. ಕೆಮ್ಮು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಇದೊಂದೇ ಕಾರಣ ಎಂದು ಹೇಳಲಾಗದು, ಆದರೆ ಇದು ಹೀಗೇ ಇದ್ದಿದ್ದರೆ ಯಾವ ಔಷಧಿಯೂ ನಾಟುತ್ತಿರಲಿಲ್ಲ ಎಂದು ವೈದ್ಯರು ಹೇಳಿದರಂತೆ. ಚಿಂಟುವನ್ನು ಕರೆತರಲು ಕಳಸಕ್ಕೆ ಹೋದಾಗ ಅದು ಅಲ್ಲಿನ ಅಂಗಳಕ್ಕೆ ಹೊಂದಿಕೊಂಡುಬಿಟ್ಟಿತ್ತು. ಸಿಂಚನ ಅರ್ಧ ದಿನ ಅದರ ಜೊತೆ ಆಡಿ, "ಇಲ್ಲೇ ಇರ್ಲಿ" ಎಂದು ಬಿಟ್ಟು ಬಂದಳಂತೆ. ಇದನ್ನೆಲ್ಲ ನನಗೆ ಹೇಳಿದ್ದು ಅಜ್ಜಿ. ಗೀತಮ್ಮ ದಾರಿಯಲ್ಲಿ ಸಿಕ್ಕರೆ ತಲೆ ಆಡಿಸುತ್ತಿದ್ದರು, ಅಷ್ಟೆ. ನಾನು ಅದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವ ಹಾಗಿರಲಿಲ್ಲ.

ಆಮೇಲೆ ಗೋಡೆಗೆ ಕಚ್ಚಿಸಿ ಬೀರು ಮಾಡುವುದನ್ನು ನಿಲ್ಲಿಸಿದೆ. ಎರಡು ಬೆರಳು ಜಾಗ, ಮೇಲೆ ಕೆಳಗೆ ಗಾಳಿಗೆ ತೂತು ಇಲ್ಲದೆ ಮಾಡುವುದಿಲ್ಲ ಎಂದೆ. ಕೆಲವರು ಒಪ್ಪಿದರು, ಹೆಚ್ಚಿನವರು ಬೇರೆಯವರನ್ನು ಕರೆದರು. ಹಿಂದೆ ಮಾಡಿಕೊಟ್ಟ ಮನೆಗಳ ಪಟ್ಟಿ ಮಾಡಿ, ಮಳೆಗಾಲದಲ್ಲಿ ಒಂದೊಂದಕ್ಕೇ ಹೋಗಿ ಹಿಂಭಾಗ ತಟ್ಟಿ ನೋಡಿದೆ. ಹೆಂಗಸರನ್ನು ಕೇಳಿದೆ: ಯಾವ ಕೋಣೆಗೆ ಹೋದರೆ ಸೀನು ಬರುತ್ತದೆ, ಊರಿಗೆ ಹೋದಾಗ ಕಡಿಮೆಯಾಗುತ್ತದಾ, ಯಾವ ಅರೆಯ ಸೀರೆ ಮುಗ್ಗಲು ನಾತ, ಯಾವ ಫೋಟೋದ ಹಿಂದೆ ಬಣ್ಣ ಉಬ್ಬಿದೆ. ಉತ್ತರ ಯಾವಾಗಲೂ ಅವರ ಹತ್ತಿರವೇ ಇರುತ್ತಿತ್ತು. ನಾಲ್ಕು ಮನೆಯಲ್ಲಿ ಬೀರು ಕೀಳಬೇಕಾಯಿತು.

ಕೆಲಸ ನಿಲ್ಲಿಸುವ ಎರಡು ವರ್ಷ ಮೊದಲು ನನಗೊಂದು ಕೆಟ್ಟ ಜ್ವರ ಬಂದು ಹೋಯಿತು. ಜ್ವರ ಹೋಯಿತು, ಅದರ ಜೊತೆಗೆ ವಾಸನೆಯೂ ಹೋಯಿತು. ಮರಳಿ ಬರಲೇ ಇಲ್ಲ. ಬೀಟೆ ಮರ ಕೊಯ್ದರೂ ಹಲಸಿನ ಮರ ಕೊಯ್ದರೂ ಮೂಗಿಗೆ ಒಂದೇ. ಇದನ್ನು ಮನೆಯವಳಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಆ ಸಮಯದಲ್ಲೇ ಒಂದು ದಿನ ಗೀತಮ್ಮನ ಫೋನು.

"ಆಚಾರ್ರೆ, ಚಿಕ್ಕಮಗಳೂರಿಗೆ ಟ್ರಾನ್ಸ್‌ಫರ್ ಆಗಿದೆ. ಒಂದು ಹಳೆ ಮನೆ ಕೊಳ್ಳೋಣ ಅಂತಿದೀವಿ. ನೀವೊಂದ್ಸಲ ಬಂದು ನೋಡ್ಬೇಕು."

ಅಷ್ಟು ವರ್ಷದ ಮೇಲೆ ಅವರು ನನಗೆ ಹೇಳಿದ ಮೊದಲ ಉದ್ದನೆಯ ಮಾತು ಅದು. ಹೋದೆ. ಹೊಸದಾಗಿ ಬಣ್ಣ ಹೊಡೆಸಿದ ಮನೆ, ಎಲ್ಲ ಕಿಟಕಿ ತೆರೆದಿತ್ತು. ಬ್ರೋಕರ್ ಬಾಗಿಲಲ್ಲೇ ನಿಂತು ಹೊಗಳುತ್ತಿದ್ದ. ಸಿಂಚನ ನನ್ನ ಭುಜದೆತ್ತರಕ್ಕೆ ಬೆಳೆದಿದ್ದಳು. ಮೂವರೂ ಹಿಂದಿನ ಕೋಣೆಗೆ ಹೋದೆವು. ಗೀತಮ್ಮ ಕಿಟಕಿಗಳನ್ನು ಮುಚ್ಚಿ, ನನ್ನ ಮುಖ ನೋಡಿದರು. ನಾನು ಏನು ಹೇಳಿದರೂ ನಂಬುವವರಂತೆ ನಿಂತಿದ್ದರು. ಅದನ್ನು ನನಗೆ ತಡೆಯಲಾಗಲಿಲ್ಲ.

"ಅಮ್ಮ, ನಂಗೀಗ ಮೂಗಿಲ್ಲ. ಜ್ವರ ಬಂದ್ಮೇಲೆ ಯಾವ ವಾಸನೇನೂ ಗೊತ್ತಾಗಲ್ಲ. ಕೈ, ಕಣ್ಣಲ್ಲಿ ಎಷ್ಟಾಗುತ್ತೋ ಅಷ್ಟು ನೋಡ್ಬಲ್ಲೆ. ಮೊದ್ಲೇ ಹೇಳ್ಬೇಕಿತ್ತು."

"ಈ ಸಲ ಹೇಳಿದ್ರಲ್ಲ" ಎಂದರು ಗೀತಮ್ಮ.

ನಾನು ಗೋಡೆಗಳಿಗೆ ಅಂಗೈ ಇಡುತ್ತಾ ಹೊರಟೆ. ಹೊಸ ಬಣ್ಣ, ಏನೂ ಕಾಣುತ್ತಿರಲಿಲ್ಲ. ಬಚ್ಚಲಿನ ಕಡೆಯ ಗೋಡೆ ಕೊಂಚ ತಣ್ಣಗೆ ಎನಿಸಿತು, ಆದರೆ ಮುದಿ ಕೈ, ನೆಚ್ಚುವ ಹಾಗಿರಲಿಲ್ಲ. ಅಷ್ಟರಲ್ಲಿ ಅದೇ ಗೋಡೆಯ ಕಪಾಟು ತೆಗೆದು ತಲೆ ಒಳಗೆ ಹಾಕಿದ ಸಿಂಚನ ತಕ್ಷಣ ಹಿಂದೆ ಸರಿದಳು.

"ಇಲ್ಲಿದೆ ಅಮ್ಮ. ನನ್ ಹಳೇ ರೂಮಲ್ಲಿ ಬೀರು ಕಿತ್ತ ಮೇಲೂ ಬರ್ತಿತ್ತಲ್ಲ, ಅದೇ."

ನಾನು ಕಪಾಟಿನ ಬೆನ್ನು ತಟ್ಟಿದೆ. ದಪ್ ಎಂದಿತು. ಕೆಳಗೆ ಮೊಳೆಯೊಂದರ ತಲೆಯ ಸುತ್ತ ತುಕ್ಕಿನ ಉಂಗುರ.

"ಎಲ್ಲಿಂದ ಎಲ್ಲೀತನಕ ಬರ್ತಿದೆ, ಹೇಳ್ತೀಯಾ ಮಗ?" ಎಂದೆ.

ಅವಳು ನನ್ನ ಕಿವಿಯ ಮೇಲಿದ್ದ ಪೆನ್ಸಿಲ್ ಕೇಳಿ ತೆಗೆದುಕೊಂಡಳು. ಕಣ್ಣು ಮುಚ್ಚಿ, ಗೋಡೆಯ ಹತ್ತಿರ ಮೂಗು ತಂದು, ಒಂದೊಂದು ಹೆಜ್ಜೆ ಸರಿಯುತ್ತಾ ಹೊಸ ಬಿಳಿ ಬಣ್ಣದ ಮೇಲೆ ಕಪ್ಪು ಗೆರೆ ಎಳೆಯತೊಡಗಿದಳು. ಬ್ರೋಕರ್ ಗಾಬರಿಯಿಂದ ಓಡಿ ಬಂದ.

"ಅಯ್ಯೋ, ಗೋಡೆ ಮೇಲೆ ಬರೀಬೇಡಮ್ಮ! ಮೇಡಂ, ಸ್ವಲ್ಪ ಹೇಳಿ ಅವ್ಳಿಗೆ. ಇಲ್ಲಿ ಎಂತ ವಾಸನೇನೂ ಇಲ್ಲ, ಮಕ್ಳಿಗೆ ಹಂಗನ್ಸುತ್ತೆ."

ಗೀತಮ್ಮ ಅವನಿಗೂ ಗೋಡೆಗೂ ಮಧ್ಯೆ ಬಂದು ನಿಂತರು.

"ಅವ್ಳು ಬರೀಲಿ ಬಿಡಿ" ಎಂದರು.